ಮನೆಯಲ್ಲೇ ಹೊಡೆದ ಕ್ಲಿಯರ್ ಕೋಟ್: ಉಜ್ಜೋದಾ, ಪಾಲಿಶ್ ಸಾಕಾ, ಇನ್ನೊಂದು ಕೋಟಾ?

ಮನೆಯಲ್ಲೇ ಕಾರಿಗೆ ಬಣ್ಣ ಹೊಡೆದವರಿಗೆ ಮರುದಿನ ಬೆಳಿಗ್ಗೆ ಒಂದು ಸಂಕಟ ಕಾದಿರುತ್ತದೆ. ಹಿಂದಿನ ಸಂಜೆ ಹಸಿ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಣಗಿದ ಮೇಲೆ ನೋಡಿದರೆ ಬಾನೆಟ್ ತುಂಬಾ ಕಿತ್ತಳೆ ಸಿಪ್ಪೆ, ಅಂದರೆ ಕಿತ್ತಳೆ ಹಣ್ಣಿನ ಸಿಪ್ಪೆಯಂಥ ಸಣ್ಣ ಉಬ್ಬುತಗ್ಗು. ಅಲ್ಲೊಂದು ಧೂಳಿನ ಕಣ, ಇಲ್ಲೊಂದು ಸೊಳ್ಳೆಯ ಕಾಲು. ಬಾಗಿಲಿನ ಕೆಳಗೆ ಜಾರಿ ಬಂದು ಹಾಗೇ ಗಟ್ಟಿಯಾದ ಒಂದು ರನ್. ಹತ್ತು ಹೆಜ್ಜೆ ದೂರದಿಂದ ಎಲ್ಲ ಚೆನ್ನ. ಹತ್ತಿರ ಬಂದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ಹಲ್ಲುಹಲ್ಲಾಗಿ ಒಡೆದಿರುತ್ತದೆ.

ಆಗ ಕೈ ತಾನಾಗಿ ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಕಡೆಗೆ ಹೋಗುತ್ತದೆ. ನನ್ನದೂ ಹೋಗಿತ್ತು. ಮೊದಲ ಬಾರಿ ಬಾನೆಟ್ ಹೊಡೆದಾಗ ಪಿ1000 ಪೇಪರ್ (ನಂಬರ್ ಹೆಚ್ಚಿದಷ್ಟೂ ನಯ) ಹಿಡಿದು, ಪೇಪರ್ ಸುತ್ತಿಕೊಳ್ಳುವ ಬ್ಲಾಕ್ ಕೂಡ ಇಲ್ಲದೆ, ಬೆರಳಲ್ಲೇ ಉಜ್ಜಲು ಕೂತೆ. ಅರ್ಧ ಗಂಟೆ ಬಿಳಿ ನೀರು ಇಳಿಯುತ್ತಿತ್ತು. ಬಾನೆಟ್ಟಿನ ಉದ್ದಕ್ಕೂ ಓಡುವ ಉಬ್ಬುಗೆರೆಯ ಮೇಲೆ ನಾಲ್ಕೈದು ಸಲ ಕೈಯಾಡಿಸಿದೆ ಅಷ್ಟೇ, ನೀರು ನೀಲಿಯಾಯಿತು. ಕಾರಿನ ಬಣ್ಣವೂ ನೀಲಿ. ಕ್ಲಿಯರ್ ಮುಗಿದು ಬಣ್ಣಕ್ಕೇ ಇಳಿದಿದ್ದೆ. ಆ ಒಂದು ಗೆರೆಗಾಗಿ ಇಡೀ ಬಾನೆಟ್ ಮತ್ತೆ ಹೊಡೆಯಬೇಕಾಯಿತು.

ಆವತ್ತಿನಿಂದ ಪೇಪರ್ ಮುಟ್ಟುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕಳೆಯಲು ಎಷ್ಟಿದೆ? ಹೊಳಪಿನ ಮಾತು ಆಮೇಲೆ. ಮುಂದಿರುವ ದಾರಿಗಳು ಆರು. ಹಾಗೇ ಬಿಡುವುದು, ಬರೀ ಪಾಲಿಶ್, ಕಲೆ ಇರುವಲ್ಲಿ ಮಾತ್ರ ಉಜ್ಜುವುದು, ಇಡೀ ಪ್ಯಾನಲ್ ಕೈಯಲ್ಲಿ ಉಜ್ಜುವುದು, ಮಷೀನಿನಲ್ಲಿ ಉಜ್ಜುವುದು, ಮತ್ತೆ ಕ್ಲಿಯರ್ ಹೊಡೆಯುವುದು. ಯಾವುದು ನಿಮಗೆ ಅನ್ನುವುದನ್ನು ಈ ಪ್ರಶ್ನೆಯೇ ಬಹುಪಾಲು ತೀರ್ಮಾನಿಸುತ್ತದೆ.

ಕೈಯಲ್ಲಿ ಎಷ್ಟು ಕ್ಲಿಯರ್ ಇದೆ?

ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಇರುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಕೂದಲಿಗಿಂತ ತೆಳು. ಮನೆಯಲ್ಲಿ ಸ್ಪ್ರೇ ಗನ್ ಹಿಡಿದು 2ಕೆ (ಗಟ್ಟಿ ಮಾಡುವ ಹಾರ್ಡನರ್ ಬೆರೆಸುವ) ಕ್ಲಿಯರ್ ಎರಡು ಕೋಟ್ ತುಂಬಾಗಿ ಹೊಡೆದರೆ ಒಣಗಿದ ಮೇಲೆ 50-60 ಮೈಕ್ರಾನ್ ಸಿಗುತ್ತದೆ. ಮೂರು ಕೋಟ್ ಆದರೆ ಇನ್ನೂ ಸ್ವಲ್ಪ ಧೈರ್ಯ. ಸಾಮಾನ್ಯ ಸ್ಪ್ರೇ ಕ್ಯಾನಿನ ಕಥೆ ಬೇರೆ. ಅದರಲ್ಲಿ ದ್ರಾವಕವೇ ಜಾಸ್ತಿ, ಹಾರಿಹೋದ ಮೇಲೆ ಉಳಿಯುವ ಪದರ ಬಹಳ ತೆಳು. ಹಸಿಯಾಗಿದ್ದಾಗ ದಪ್ಪ ಕಂಡಿದ್ದನ್ನು ನಂಬಬೇಡಿ.

ಕಿತ್ತಳೆ ಸಿಪ್ಪೆಯನ್ನು ಪೂರ್ತಿ ಮಟ್ಟ ಮಾಡುವುದು ಅಂದರೆ ಗುಡ್ಡವನ್ನು ಗುಂಡಿಯ ತಳದವರೆಗೆ ಕೊರೆಯುವುದು. ಅದರ ಮೇಲೆ ಕಂಪೌಂಡ್, ಅಂದರೆ ಗೀರು ತೆಗೆಯುವ ಒರಟು ಪಾಲಿಶ್, ತಿನ್ನುವ ಪಾಲು ಬೇರೆ. ಎಲ್ಲ ಸೇರಿ 10 ಮೈಕ್ರಾನ್ ಸುಲಭವಾಗಿ ದಾಟುತ್ತದೆ. ಸಿಪ್ಪೆ ಒರಟಾಗಿದ್ದರೆ ಇನ್ನೂ ಹೆಚ್ಚು. ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ಕ್ಲಿಯರ್ ಕೋಟ್ ಬರೀ ಹೊಳಪಿನ ಪದರ ಅಲ್ಲ. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ಅಂಶ ಇರುವುದೂ ಅದರಲ್ಲೇ. ಅತಿ ತೆಳುವಾದರೆ ಇವತ್ತು ಫಳಫಳ, ಕೆಲವು ಬೇಸಿಗೆ ಕಳೆದ ಮೇಲೆ ಕ್ಲಿಯರ್ ಪೊರೆಯ ಹಾಗೆ ಎದ್ದು ಬರಲು ಶುರು.

ದಪ್ಪ ಅಳೆಯುವ ಗೇಜ್ ಸಿಗುತ್ತದೆ. ಅದಕ್ಕೂ ಮಿತಿ ಇದೆ. ಅದು ತೋರಿಸುವುದು ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿದ ಒಟ್ಟು ದಪ್ಪ. ಕ್ಲಿಯರ್ ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಆಯಸ್ಕಾಂತದ ಗೇಜ್ ಉಕ್ಕಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂಗೆ ಎಡ್ಡಿ ಕರೆಂಟ್ ಗೇಜ್ ಬೇಕು. ಪ್ಲಾಸ್ಟಿಕ್ ಬಂಪರ್ ಮೇಲೆ ಇವೆರಡೂ ದಂಡ. ಆದರೂ ಒಂದು ಉಪಾಯ ಇದೆ. ಕ್ಲಿಯರ್ ಹೊಡೆಯುವ ಮೊದಲು ಒಮ್ಮೆ, ಒಣಗಿದ ಮೇಲೆ ಒಮ್ಮೆ, ಉಜ್ಜಿದ ಮೇಲೆ ಒಮ್ಮೆ ಒಂದೇ ಜಾಗದಲ್ಲಿ ಅಳೆಯಿರಿ. ವ್ಯತ್ಯಾಸವೇ ಲೆಕ್ಕ. ಇನ್ನೂ ಬಣ್ಣ ಹೊಡೆದಿಲ್ಲ, ಆದರೆ ಉಜ್ಜುವುದು ಖಂಡಿತ ಅಂತ ಇದ್ದರೆ ಮೊದಲೇ ಒಂದು ಕೋಟ್ ಹೆಚ್ಚಿಗೆ ಹಾಕಿಡಿ. ಆಮೇಲೆ ಪಡುವ ಒದ್ದಾಟಕ್ಕಿಂತ ಅದು ಎಷ್ಟೋ ಸುಲಭ.

1ಕೆ ಮತ್ತು 2ಕೆ: ಅರ್ಧ ತೀರ್ಮಾನ ಇಲ್ಲೇ

ಡಬ್ಬಿಯ ಮೇಲೆ ಏನಿತ್ತು ಅಂತ ನೆನಪು ಮಾಡಿಕೊಳ್ಳಿ. 1ಕೆ ಅಂದರೆ ಹಾರ್ಡನರ್ ಇಲ್ಲದ್ದು. ದ್ರಾವಕ ಹಾರಿ ಒಣಗುತ್ತದೆ, ಅಷ್ಟೇ. 2ಕೆ ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು. ಎರಡೂ ಸೇರಿ ರಾಸಾಯನಿಕವಾಗಿ ಗಟ್ಟಿಯಾಗುತ್ತವೆ. ಕ್ಯಾನಿನ ತಳದ ಗುಂಡಿ ಒತ್ತಿ ಹಾರ್ಡನರ್ ಬಿಡುಗಡೆ ಮಾಡುವ 2ಕೆ ಕ್ಯಾನುಗಳೂ ಇವೆ. ಯಾವುದು ಹೊಡೆದಿರಿ ಅಂತ ಮರೆತಿದ್ದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ಮೆತ್ತಗಾಗಿ ಬಟ್ಟೆಗೆ ಅಂಟಿದರೆ 1ಕೆ. ಚೆನ್ನಾಗಿ ಗಟ್ಟಿಯಾದ 2ಕೆ ಅಲುಗುವುದಿಲ್ಲ.

1ಕೆ ಪದರ ತೆಳು, ಮೆದು. ಬಿಸಿ ತಗುಲಿದರೆ ಇನ್ನೂ ಮೆದುವಾಗುತ್ತದೆ. ಇದರ ಮೇಲೆ ಗಿರಗಿರ ತಿರುಗುವ ರೋಟರಿ ಪಾಲಿಶರ್ ಇಟ್ಟರೆ ಕಡಿಯುವ ಬದಲು ಎಳೆದುಕೊಂಡು ಹೋಗುತ್ತದೆ. ಕನಿಷ್ಠ ಒಂದು ವಾರ ಬಿಡಿ, ತಂಪು ಹವೆಯಲ್ಲಿ ಇನ್ನೂ ಜಾಸ್ತಿ. ಆಮೇಲೂ ಪಿ2000ಕ್ಕಿಂತ ಒರಟು ಪೇಪರ್ ತೋರಿಸದಿರುವುದೇ ಒಳ್ಳೆಯದು. 1ಕೆ ಹೊಡೆದವರಿಗೆ ನನ್ನ ಸಲಹೆ ಸಾಮಾನ್ಯವಾಗಿ ಹೀಗೆ: ಧೂಳಿನ ಕಣ ಮಾತ್ರ ತೆಗೆದು, ಕೈಯಲ್ಲಿ ಪಾಲಿಶ್ ಮಾಡಿ, ಉಳಿದ ಸಿಪ್ಪೆಯ ಜೊತೆ ಸ್ನೇಹ ಮಾಡಿಕೊಳ್ಳಿ.

2ಕೆ ಆದರೆ ಆಯ್ಕೆಗಳು ತೆರೆದುಕೊಳ್ಳುತ್ತವೆ. ಗಾಳಿಯಲ್ಲೇ ಒಣಗಲು ಬಿಟ್ಟರೆ ಸಾಮಾನ್ಯವಾಗಿ ಮರುದಿನಕ್ಕೆ ಉಜ್ಜಬಹುದು. ಆದರೂ ಡಬ್ಬಿಯ ಜೊತೆ ಬರುವ ಹಾಳೆಯಲ್ಲಿ ಬರೆದದ್ದೇ ಕೊನೆಯ ಮಾತು. 24 ಗಂಟೆಯಿಂದ ಮೂರು ದಿನದ ಒಳಗೆ ಉಜ್ಜಿದರೆ ಕೈಗೆ ಹಗುರ. ತಿಂಗಳು ಬಿಟ್ಟರೆ ಅದೇ ಕ್ಲಿಯರ್ ಕಲ್ಲಿನ ಹಾಗೆ ಆಗಿರುತ್ತದೆ, ಪಾಲಿಶ್‌ಗೂ ಎರಡು ಪಟ್ಟು ಹೊತ್ತು ಬೇಕಾಗುತ್ತದೆ. ಹಾಗಂತ ಆತುರವೂ ಬೇಡ. ಒಳಗೆ ದ್ರಾವಕ ಇನ್ನೂ ಇರುವಾಗಲೇ ಪಾಲಿಶ್ ಮುಗಿಸಿದರೆ, ಅದು ಹೊರಗೆ ಹೋಗುತ್ತಾ ಪದರ ಕುಗ್ಗುತ್ತದೆ. ವಾರದ ಹಿಂದೆ ಹೊಳೆಯುತ್ತಿದ್ದ ಬಾನೆಟ್ ಮಂಕಾಗುತ್ತದೆ, ಮಾಯವಾಗಿದ್ದ ಗೀರು ಮತ್ತೆ ಇಣುಕುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ. ಉಗುರು ಒತ್ತಿದರೆ ಗುರುತು ಬೀಳುತ್ತಿದ್ದರೆ ಪೇಪರ್ ಒಳಗಿಡಿ.

ನಡುವೆ ಒಂದು ಎಚ್ಚರಿಕೆ. 2ಕೆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಹೊಡೆಯುವಾಗ ಅದು ಉಸಿರಿಗೆ ಹೋದರೆ ಆಸ್ತಮಾ ತರಬಲ್ಲದು, ಬಟ್ಟೆ ಮಾಸ್ಕ್ ಏನೇನೂ ಸಾಲದು. ಹೊರಗಿನ ಶುದ್ಧ ಗಾಳಿ ಕೊಡುವ ಮುಖಕವಚವೇ ಸರಿಯಾದ ರಕ್ಷಣೆ. ಆ ವ್ಯವಸ್ಥೆ ಇಲ್ಲದವರು 2ಕೆ ಮನೆಯಲ್ಲಿ ಹೊಡೆಯದಿರುವುದೇ ಸರಿ. ಮುಂದೆ "ಇನ್ನೊಂದು ಕೋಟ್" ಅನ್ನುವ ಆಯ್ಕೆ ಬಂದಾಗಲೂ ಇದು ನೆನಪಿರಲಿ.

ಹಾಗೇ ಬಿಡುವುದು, ಬರೀ ಪಾಲಿಶ್

ಹಾಗೇ ಬಿಡುವುದು ಸೋಲಲ್ಲ. ನಿಂತಿರುವ ಯಾವುದಾದರೂ ಹೊಸ ಕಾರಿನ ಬಾಗಿಲನ್ನು ಓರೆಯಾಗಿ ನೋಡಿ. ಕಾರ್ಖಾನೆಯ ಬಣ್ಣದಲ್ಲೂ ಕಿತ್ತಳೆ ಸಿಪ್ಪೆ ಇರುತ್ತದೆ. ನೀವು ಒಂದು ಬಾಗಿಲು ಮಾತ್ರ ಹೊಡೆದಿದ್ದರೆ ಅದನ್ನು ಗಾಜಿನ ಹಾಗೆ ಮಟ್ಟ ಮಾಡುವುದು ತಪ್ಪೇ ಆಗಬಹುದು. ಪಕ್ಕದ ಬಾಗಿಲಿನಲ್ಲಿ ಸಿಪ್ಪೆ, ಇದರಲ್ಲಿ ಕನ್ನಡಿ. ರಿಪೇರಿ ಆಗಿದೆ ಅಂತ ಡಂಗುರ ಸಾರಿದಂತೆ. ಅಕ್ಕಪಕ್ಕಕ್ಕೆ ಹೊಂದುವಷ್ಟು ಮಾತ್ರ ಇಳಿಸುವುದು ಜಾಣತನ, ಅಲ್ವಾ?

ಬರೀ ಪಾಲಿಶ್ ಅಂದರೆ ಪೇಪರ್ ಮುಟ್ಟದೆ ಕಂಪೌಂಡ್, ಪಾಲಿಶ್ ಮಾತ್ರ ಹಾಕುವುದು. ಇದು ಕಳೆಯುವುದು ಬಹಳ ಕಮ್ಮಿ. ಮಂಕು, ಸಣ್ಣ ಗೀರು, ಪಕ್ಕದ ಪ್ಯಾನಲ್ ಹೊಡೆಯುವಾಗ ಹಾರಿ ಬಂದು ಕೂತ ಬಣ್ಣದ ಒಣ ದೂಳಿ, ಇವಕ್ಕೆಲ್ಲ ಸಾಕು. ಹಾರಿ ಬಂದ ದೂಳಿಗೆ ಮೊದಲು ಕ್ಲೇ ಬಾರ್ (ಅಂಟಿದ ಕಣಗಳನ್ನು ಎತ್ತುವ ಜೇಡಿಯಂಥ ಉಂಡೆ) ಆಡಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಕಿತ್ತಳೆ ಸಿಪ್ಪೆ ಪಾಲಿಶ್‌ನಿಂದ ಹೋಗುವುದಿಲ್ಲ. ಪ್ಯಾಡ್ ಮೆತ್ತಗಿರುತ್ತದೆ. ಗುಡ್ಡ ಹತ್ತಿ ಗುಂಡಿ ಇಳಿದು ಎರಡನ್ನೂ ಸಮನಾಗಿ ತಿಕ್ಕುತ್ತದೆ. ಕೊನೆಗೆ ಸಿಗುವುದು ಹೊಳೆಯುವ ಸಿಪ್ಪೆ. "ಇನ್ನೊಂದು ಸುತ್ತು ಪಾಲಿಶ್ ಹೊಡೆದರೆ ಹೋಗಬಹುದು" ಅಂತ ನಾಲ್ಕು ಸುತ್ತು ಹೊಡೆದವರನ್ನು ನೋಡಿದ್ದೇನೆ. ಕ್ಲಿಯರ್ ಹೋಯಿತು, ಸಿಪ್ಪೆ ಹೋಗಲಿಲ್ಲ.

ಮ್ಯಾಟ್ ಕ್ಲಿಯರ್ ಹೊಡೆದವರು ಇಲ್ಲಿಗೇ ನಿಲ್ಲಿಸಿ. ಅದನ್ನು ಉಜ್ಜಿದರೂ ಪಾಲಿಶ್ ಮಾಡಿದರೂ ಆ ಜಾಗ ಹೊಳೆಯಲು ಶುರುವಾಗುತ್ತದೆ. ಮತ್ತೆ ಮ್ಯಾಟ್ ಆಗುವುದಿಲ್ಲ.

ಕಲೆ ಇರುವಲ್ಲಿ ಮಾತ್ರ

ನನ್ನ ಮಟ್ಟಿಗೆ ಮನೆಯಲ್ಲಿ ಹೊಡೆದ ಹತ್ತರಲ್ಲಿ ಏಳು ಕಾರಿಗೆ ಇದೇ ಸರಿಯಾದ ದಾರಿ. ಇಡೀ ಬಾನೆಟ್‌ನಲ್ಲಿ ಕಣ್ಣಿಗೆ ಚುಚ್ಚುವುದು ಎಂಟು ಹತ್ತು ಕಣ, ಒಂದೆರಡು ರನ್. ಅವನ್ನು ತೆಗೆದರೆ ಉಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಣಕ್ಕೆ ರೂಪಾಯಿ ನಾಣ್ಯದಷ್ಟು ಅಗಲದ ಗಟ್ಟಿ ಬ್ಲಾಕ್, ಅದರ ಮೇಲೆ ಪಿ2000. ಎರಡು ಹನಿ ಸೋಪಿನ ನೀರು. ಒತ್ತದೆ ಹತ್ತು ಹದಿನೈದು ಸಲ. ನಿಲ್ಲಿಸಿ, ಒರೆಸಿ, ನೋಡಿ. ಕಣದ ತಲೆ ಹೋಗಿದ್ದರೆ ಸಾಕು. ಕಣ ಬಣ್ಣದೊಳಗೇ ಹೂತಿದ್ದರೆ ಅದನ್ನು ಅಗೆಯಲು ಹೋಗಬೇಡಿ. ಮೇಲ್ಮೈ ಮಟ್ಟ ಆದರೆ ಅದು ಒಂದು ಚುಕ್ಕೆ ಮಾತ್ರ. ಅಗೆದರೆ ಅದೊಂದು ಗುಂಡಿ.

ರನ್ ಸ್ವಲ್ಪ ಮೋಸಗಾರ. ಅಲ್ಲಿ ಕ್ಲಿಯರ್ ದಪ್ಪ ಇರುವುದರಿಂದ ಒಳಗೆ ಒಣಗಲು ಉಳಿದ ಜಾಗಕ್ಕಿಂತ ಹೆಚ್ಚು ದಿನ ಬೇಕು. ಹೊರಗೆ ಗಟ್ಟಿ, ಒಳಗೆ ಅಂಟು. ಬೇಗ ಕೈ ಹಾಕಿದರೆ ಕಿತ್ತುಕೊಂಡು ಬರುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ರನ್‌ನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ರನ್ ತೆಗೆಯಲೆಂದೇ ಬರುವ ಬ್ಲೇಡಿನಿಂದಲೋ ಗಟ್ಟಿ ಬ್ಲಾಕಿಗೆ ಸುತ್ತಿದ ಪಿ800, ಪಿ1000 ಪೇಪರಿನಿಂದಲೋ ಉಬ್ಬನ್ನು ಮಾತ್ರ ಕೆರೆಯಿರಿ. ಟೇಪಿನ ಮಟ್ಟಕ್ಕೆ ಬಂದಾಗ ಟೇಪ್ ತೆಗೆದು ಪಿ1500, ಪಿ2000, ಪಿ3000 ಅಂತ ಮುಂದಕ್ಕೆ ಹೋಗಿ. ಇಲ್ಲಿ ಸ್ಪಂಜಿನ ಬ್ಲಾಕ್ ಹಿಡಿದರೆ ಕೆಟ್ಟಿತು. ಅದು ಉಬ್ಬನ್ನು ಅಪ್ಪಿಕೊಂಡು ಸುತ್ತಲಿನ ತೆಳು ಕ್ಲಿಯರನ್ನೂ ತಿನ್ನುತ್ತದೆ.

ಇಡೀ ಪ್ಯಾನಲ್: ಕೈಯಾ, ಮಷೀನಾ?

ಸಿಪ್ಪೆ ನಿಜವಾಗಿ ಒರಟಾಗಿದೆ, ಕ್ಲಿಯರ್ ಮೂರು ಕೋಟ್ 2ಕೆ ಇದೆ, ಇಡೀ ಕಾರು ನೀವೇ ಹೊಡೆದದ್ದು. ಆಗ ಇಡೀ ಪ್ಯಾನಲ್ ಉಜ್ಜಲು ಅರ್ಥ ಇದೆ.

ಕೈಯಲ್ಲಿ ಉಜ್ಜುವುದರ ದೊಡ್ಡ ಲಾಭ ಮಟ್ಟ. ಚಪ್ಪಟೆ ಪ್ಯಾನಲ್ ಮೇಲೆ ಗಟ್ಟಿ ರಬ್ಬರ್ ಬ್ಲಾಕ್ ಗುಡ್ಡದ ತಲೆಯನ್ನಷ್ಟೇ ಹಿಡಿಯುತ್ತದೆ. ಕನ್ನಡಿಯಂಥ ನೇರ ಪ್ರತಿಬಿಂಬ ಬೇಕೆಂದರೆ ಇದನ್ನು ಮೀರಿಸಿದ್ದು ಇಲ್ಲ. ಎರಡನೇ ಲಾಭ, ನಿಧಾನ. ಹೊಸಬರಿಗೆ ನಿಧಾನವೇ ರಕ್ಷಣೆ. ನಷ್ಟ ಅಂದರೆ ಗೀರುಗಳೆಲ್ಲ ಉದ್ದುದ್ದ, ಒಂದೇ ದಿಕ್ಕಿಗೆ ಇರುತ್ತವೆ. ಪಾಲಿಶ್ ಮಾಡುವಾಗ ಅವು ಹಠ ಹಿಡಿಯುತ್ತವೆ. ಭುಜ ಕೂಡ ಮರುದಿನ ಮಾತಾಡುತ್ತದೆ.

ಮಷೀನ್ ಅಂದರೆ ಇಲ್ಲಿ ಡಿಎ (ಡ್ಯುಯಲ್ ಆಕ್ಷನ್) ಸ್ಯಾಂಡರ್, ಪೇಪರ್ ಡಿಸ್ಕ್ ಹಾಕಿ ಉಜ್ಜುವ ಯಂತ್ರ. ಪ್ಯಾಡ್ ತಿರುಗುತ್ತಲೇ ಅಲುಗುವುದರಿಂದ ಗೀರುಗಳು ಚಿಕ್ಕವು, ದಿಕ್ಕಿಲ್ಲದವು. ಕಂಪೌಂಡಿಗೆ ಬೇಗ ಹೋಗುತ್ತವೆ. ಪಿ1500 ಅಥವಾ ಪಿ2000 ಫಿಲ್ಮ್ ಡಿಸ್ಕ್, ಆಮೇಲೆ 3000ದ ಫೋಮ್ ಡಿಸ್ಕ್ ಹಾಕಿದರೆ ಅರ್ಧ ದಿನದ ಕೈಕೆಲಸ ಒಂದು ಗಂಟೆಯಲ್ಲಿ ಮುಗಿಯಬಹುದು. ಆದರೆ ಅದೇ ವೇಗದಲ್ಲಿ ಬಣ್ಣದವರೆಗೂ ತಲುಪಬಹುದು. ಡಿಸ್ಕ್ ಮತ್ತು ಪ್ಯಾಡಿನ ನಡುವೆ ಮೆತ್ತನೆಯ ಇಂಟರ್‌ಫೇಸ್ ಪ್ಯಾಡ್ ಹಾಕಿದರೆ ವಕ್ರ ಭಾಗಕ್ಕೆ ಒಗ್ಗುತ್ತದೆ, ಆದರೆ ಸಿಪ್ಪೆಯನ್ನು ಪೂರ್ತಿ ಮಟ್ಟ ಮಾಡುವುದಿಲ್ಲ. ಇನ್ನೊಂದು ಕಾಟ ಪಿಗ್‌ಟೇಲ್. ಡಿಸ್ಕಿನ ಕೆಳಗೆ ಒಂದು ಒರಟು ಕಣ ಸಿಕ್ಕಿಬಿದ್ದರೆ ಸುರುಳಿ ಸುರುಳಿಯಾಗಿ ಆಳದ ಗೀರು ಬಿಡುತ್ತದೆ. ಪಾಲಿಶ್ ಆದ ಮೇಲೆ ಬಿಸಿಲಲ್ಲಿ ನೋಡಿದಾಗಲೇ ಅದು ಕಾಣುವುದು. ಡಿಸ್ಕನ್ನು ಆಗಾಗ ತೆಗೆದು ಒರೆಸಿ, ಸವೆದರೆ ಎಸೆಯಿರಿ. ಜಿಪುಣತನಕ್ಕೆ ಇದು ಜಾಗವಲ್ಲ.

ಕರೆಂಟಿನ ಮಷೀನ್ ಹಿಡಿದು ನೀರು ಸುರಿಯುವ ಸಾಹಸ ಬೇಡ. ಒಣ ಡಿಸ್ಕ್ ಬಳಸಿ, ಧೂಳಿನ ಮಾಸ್ಕ್ ಹಾಕಿಕೊಳ್ಳಿ. ನೀರು ಚಿಮುಕಿಸಿ ಉಜ್ಜುವವರು ಸಾಮಾನ್ಯವಾಗಿ ಗಾಳಿಯಲ್ಲಿ ಓಡುವ ಸ್ಯಾಂಡರ್ ಹಿಡಿದಿರುತ್ತಾರೆ.

ನಾನು ಮಾಡುವುದು ಎರಡರ ಬೆರಕೆ. ಮೊದಲ ಪೇಪರ್ ಕೈಯಲ್ಲಿ, ಬ್ಲಾಕ್ ಮೇಲೆ. ಮಟ್ಟ ಬರುವುದು ಅಲ್ಲೇ. ಆಮೇಲೆ 3000ದ ಫೋಮ್ ಡಿಸ್ಕ್ ಡಿಎಯಲ್ಲಿ. ಕೈಯ ಉದ್ದ ಗೀರುಗಳನ್ನು ಅದು ಸಣ್ಣ ಗೀರಾಗಿ ಬದಲಿಸುತ್ತದೆ. ಮಷೀನ್ ಇಲ್ಲದವರು ಪ್ರತಿ ಪೇಪರಿಗೂ ದಿಕ್ಕು ಬದಲಿಸಿ. ಮೊದಲನೆಯದು ಉದ್ದಕ್ಕೆ ಆದರೆ ಮುಂದಿನದು ಓರೆಗೆ. ಹಿಂದಿನ ಗೀರು ಹೋಯಿತೋ ಇಲ್ಲವೋ ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಯಾವ ಪೇಪರಿನಿಂದ ಶುರು?

ಎಷ್ಟು ನಯವಾದದ್ದರಿಂದ ಕೆಲಸ ಆಗುತ್ತದೋ ಅಲ್ಲಿಂದ. ಪಿ2000 ಹಿಡಿದು ಸಣ್ಣ ಜಾಗದಲ್ಲಿ ನೋಡಿ. ಹತ್ತು ನಿಮಿಷವಾದರೂ ಸಿಪ್ಪೆ ಜಗ್ಗದಿದ್ದರೆ ಪಿ1500ಕ್ಕೆ ಇಳಿಯಿರಿ. ತೀರಾ ಒರಟಾಗಿದ್ದರೆ ಪಿ1200. ಪಿ1000ಕ್ಕೆ ಇಳಿಯಬೇಕು ಅನ್ನಿಸಿದರೆ ಒಂದು ಲೋಟ ನೀರು ಕುಡಿದು ಮತ್ತೆ ಯೋಚಿಸಿ. ಅಷ್ಟು ಒರಟು ಮೇಲ್ಮೈಗೆ ಮತ್ತೆ ಕ್ಲಿಯರ್ ಹೊಡೆಯುವುದೇ ಸರಿ ಇರಬಹುದು.

ನಂಬರಿನಲ್ಲಿ ಒಂದು ಬಲೆ ಇದೆ. ಪೇಪರ್ ಹಿಂದೆ ನಂಬರಿಗೆ ಮೊದಲು ಪಿ ಅಕ್ಷರ ಇದೆಯಾ ನೋಡಿ. ಪಿ ಇದ್ದರೆ ಯುರೋಪಿನ ಅಳತೆ, ಇಲ್ಲದಿದ್ದರೆ ಅಮೆರಿಕದ ಹಳೆಯ ಅಳತೆ ಇರಬಹುದು. ಪಿ1500ರ ಕಣ ಸರಾಸರಿ 12.6 ಮೈಕ್ರಾನ್, ಪಿ2000ದ್ದು 10.3. ಅಮೆರಿಕದ ಅಳತೆಯ 800ರ ಕಣ ಸುಮಾರು 12 ಮೈಕ್ರಾನ್. ಅಂದರೆ ಅಲ್ಲಿಯ 800, ಇಲ್ಲಿಯ ಪಿ1500 ಹತ್ತಿರಹತ್ತಿರ ಒಂದೇ. ಪಿ ಇಲ್ಲದ 800ರಿಂದ ಯಾರೋ ಚೆನ್ನಾಗಿ ಉಜ್ಜಿದ್ದು ಕಂಡು ನೀವು ಪಿ800 ಹಿಡಿದರೆ ಕಥೆ ಮುಗಿಯಿತು. ಅದರ ಕಣ ಸುಮಾರು 22 ಮೈಕ್ರಾನ್.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಪಾಲಿಶ್ ಹೇಗೆ ಮಾಡುತ್ತೀರಿ ಅನ್ನುವುದರ ಮೇಲೆ. ರೋಟರಿ ಮತ್ತು ಉಣ್ಣೆಯ ಪ್ಯಾಡ್ ಇದ್ದರೆ ಪಿ2000ದ ಗೀರು ಹೋಗುತ್ತದೆ. ಡಿಎ ಪಾಲಿಶರ್ ಮಾತ್ರ ಇದ್ದರೆ 3000ದವರೆಗೆ ಹೋಗಿ. ಕೈಯಲ್ಲೇ ಪಾಲಿಶ್ ಮಾಡುವವರು 5000ದವರೆಗೂ ಹೋಗಬೇಕು, ಇಲ್ಲದಿದ್ದರೆ ಮಂಕು ಬಿಡುವುದಿಲ್ಲ.

ಉಜ್ಜುವ ವಿಧಾನದಲ್ಲಿ ಹೇಳಬೇಕಾದ್ದು ಕೆಲವೇ. ಪೇಪರನ್ನು ಕಾಲು ಗಂಟೆಯಾದರೂ ನೀರಲ್ಲಿ ನೆನೆಸಿಡಿ, ಮೂಲೆಗಳು ಮೆದುವಾಗುತ್ತವೆ. ಬಕೆಟ್ಟಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಪೇಪರ್ ಬದಲಿಸುವಾಗ ನೀರೂ ಬದಲಿಸಿ. ಒರಟು ಪೇಪರಿನ ಒಂದು ಕಣ ಉಳಿದರೂ ಮುಂದಿನ ನಯದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಬೆರಳಲ್ಲಿ ಒತ್ತಿ ಉಜ್ಜಬೇಡಿ, ಬೆರಳಿನ ಗಾತ್ರದ ಕಾಲುವೆಗಳು ಬೀಳುತ್ತವೆ. ಅಂಚು ಮತ್ತು ಉಬ್ಬುಗೆರೆಗಳಿಗೆ ಮೊದಲೇ ಟೇಪ್ ಹಚ್ಚಿ. ಅಲ್ಲಿ ಕ್ಲಿಯರ್ ತಾನಾಗಿ ಜಾರಿ ತೆಳುವಾಗಿರುತ್ತದೆ, ಪೇಪರಿನ ಒತ್ತಡ ಮಾತ್ರ ಅಲ್ಲೇ ಹೆಚ್ಚು ಬೀಳುತ್ತದೆ. ನನ್ನ ನೀಲಿ ನೀರು ಬಂದದ್ದು ಅಲ್ಲಿಂದಲೇ.

ಆಗಾಗ ರಬ್ಬರ್ ಪಟ್ಟಿಯಿಂದ ನೀರೆಳೆದು ಒಣಗಿಸಿ ನೋಡಿ. ಒದ್ದೆಯಲ್ಲಿ ಎಲ್ಲವೂ ಚೆಂದ ಕಾಣುತ್ತದೆ. ಒಣಗಿದಾಗ ಉಜ್ಜಿದ ಭಾಗ ಮಂಕು, ಪೇಪರ್ ತಲುಪದ ಗುಂಡಿಗಳು ಮಿನುಗುವ ಚುಕ್ಕೆ. ಚುಕ್ಕೆಗಳೆಲ್ಲ ಹೋದರೆ ಮೇಲ್ಮೈ ಪೂರ್ತಿ ಮಟ್ಟ. ಆದರೆ ಎಲ್ಲ ಹೋಗಲೇಬೇಕು ಅಂತಿಲ್ಲ. ಹತ್ತರಲ್ಲಿ ಒಂದು ಭಾಗ ಚುಕ್ಕೆ ಉಳಿದಾಗ ನಾನು ನಿಲ್ಲಿಸುತ್ತೇನೆ. ಪಾಲಿಶ್ ಆದ ಮೇಲೆ ಅದು ಒಳ್ಳೆಯ ಕಾರ್ಖಾನೆ ಬಣ್ಣದ ಹಾಗೇ ಕಾಣುತ್ತದೆ. ಕ್ಲಿಯರ್ ಕೂಡ ಉಳಿಯುತ್ತದೆ.

ನೀರಿನ ಬಣ್ಣದ ಮೇಲೆ ಕಣ್ಣಿರಲಿ. ಬಿಳಿ ಇದ್ದರೆ ಕ್ಷೇಮ. ಕಾರಿನ ಬಣ್ಣ ಬಂದರೆ ತಕ್ಷಣ ನಿಲ್ಲಿಸಿ. ಕ್ಲಿಯರ್ ಇಲ್ಲದೆ ಬಣ್ಣ ಮಾತ್ರ ಹೊಡೆಯುವ ಸಿಂಗಲ್ ಸ್ಟೇಜ್ ಪೇಂಟಿನಲ್ಲಿ ಬಣ್ಣದ ನೀರು ಬರುವುದು ಸಹಜ, ಅವರಿಗೆ ಈ ಎಚ್ಚರಿಕೆ ಅನ್ವಯಿಸದು.

ರೋಟರಿ, ಡಿಎ, ಪ್ಯಾಡ್

ಪಾಲಿಶರ್ ವಿಷಯದಲ್ಲಿ ಹೊಸಬರಿಗೆ ನನ್ನ ಉತ್ತರ ಒಂದೇ: ಡಿಎ. ರೋಟರಿ ಒಂದೇ ಅಚ್ಚಿನ ಮೇಲೆ ಗಿರಗಿರ ತಿರುಗುತ್ತದೆ, ಬೇಗ ಕಡಿಯುತ್ತದೆ, ಬೇಗ ಬಿಸಿಯಾಗುತ್ತದೆ. ಅಂಚಿನ ಮೇಲೆ ಎರಡು ಸೆಕೆಂಡ್ ತಡೆದರೆ ಕ್ಲಿಯರ್ ಸುಟ್ಟಿರುತ್ತದೆ. ಬಿಸಿಲಲ್ಲಿ ಹೊಲೊಗ್ರಾಮ್ ಅನ್ನುವ ಬಾಲಬಾಲದ ನೆರಳೂ ಬಿಡುತ್ತದೆ, ಅದನ್ನು ತೆಗೆಯಲು ಕೊನೆಗೆ ಡಿಎಯೇ ಬೇಕು. ಹಿಡಿಯುವುದೇ ಆದರೆ ನಿಮಿಷಕ್ಕೆ 1000ದಿಂದ 1500 ಸುತ್ತು ಮೀರಬೇಡಿ, ಪ್ಯಾಡ್ ಸದಾ ಚಲಿಸುತ್ತಿರಲಿ. ಡಿಎ ನಿಧಾನ, ಆದರೆ ಕ್ಷಮಿಸುತ್ತದೆ. ಜೋರಾಗಿ ಒತ್ತಿದರೆ ತಿರುಗುವುದೇ ನಿಲ್ಲುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲಂತೂ ಡಿಎಯೇ ಸರಿ. ಲೋಹದ ಹಾಗೆ ಪ್ಲಾಸ್ಟಿಕ್ ಬಿಸಿಯನ್ನು ಹರಡುವುದಿಲ್ಲ, ಒಂದೇ ಕಡೆ ಕೂಡಿಟ್ಟುಕೊಳ್ಳುತ್ತದೆ.

ಪ್ಯಾಡಿನಲ್ಲಿ ಉಣ್ಣೆ ಹೆಚ್ಚು ಕಡಿಯುತ್ತದೆ. ಡಿಎಗೆ ಮೈಕ್ರೋಫೈಬರ್ ಪ್ಯಾಡ್ ಅದೇ ಕೆಲಸ ಮಾಡುತ್ತದೆ. ಫೋಮ್ ಕೊನೆಯ ಸುತ್ತಿಗೆ. ಎರಡು ಅಡಿ ಚೌಕದಷ್ಟು ಜಾಗ ಹಿಡಿದು ಉದ್ದಕ್ಕೆ, ಅಡ್ಡಕ್ಕೆ ನಿಧಾನವಾಗಿ ಹೋಗಿ. ಪ್ಯಾಡನ್ನು ಬ್ರಶ್‌ನಿಂದ ಆಗಾಗ ಕೆದಕಿ ಸ್ವಚ್ಛ ಮಾಡಿ. ಬಿಸಿಲಿಗೆ ಕಾದ ಪ್ಯಾನಲ್ ಮೇಲೆ ಮಾಡಬೇಡಿ, ಕಂಪೌಂಡ್ ಒಣಗಿ ಗಚ್ಚಾಗುತ್ತದೆ.

ಕಂಪೌಂಡ್ ಆರಿಸುವಾಗ ಒಂದು ಕಪಟ ಗೊತ್ತಿರಲಿ. ಕೆಲವದರಲ್ಲಿ ಗೀರು ತುಂಬುವ ಎಣ್ಣೆ ಇರುತ್ತದೆ. ಗೀರು ಹೋಗಿರುವುದಿಲ್ಲ, ಮುಚ್ಚಿರುತ್ತದೆ. ಎರಡು ಸಲ ತೊಳೆದರೆ ಹೊರಗೆ ಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅರ್ಧ ನೀರು ಬೆರೆಸಿ ಒರೆಸಿ, ಎಲ್‌ಇಡಿ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಬಣ್ಣ ಪೂರ್ತಿ ಗಟ್ಟಿಯಾಗಿದ್ದರೆ ಮಾತ್ರ ಈ ಪರೀಕ್ಷೆ. 1ಕೆ ಮೇಲೆ ಮಾಡಬೇಡಿ, ಮೆದುವಾದೀತು.

ಮತ್ತೆ ಕ್ಲಿಯರ್ ಯಾವಾಗ?

ಸಿಪ್ಪೆ ವಿಪರೀತ ಒರಟು, ಅಥವಾ ಕ್ಲಿಯರ್ ತೆಳು, ಅಥವಾ ಗಾಳಿಗುಳ್ಳೆಯ ಸಣ್ಣ ತೂತುಗಳು ಎಲ್ಲೆಡೆ. ಈ ಮೂರರಲ್ಲಿ ಒಂದಿದ್ದರೂ ಉಜ್ಜಿ ಗೆಲ್ಲಲು ಹೋಗಬೇಡಿ. ಗಾಳಿಗುಳ್ಳೆಯ ತೂತು ಪದರದ ಆಳದವರೆಗೂ ಇರಬಹುದು, ಉಜ್ಜಿದಷ್ಟೂ ಹೊಸ ತೂತು ತೆರೆಯುತ್ತದೆ. ಇಡೀ ಪ್ಯಾನಲನ್ನು ಪಿ800ರಲ್ಲಿ ಮಟ್ಟವಾಗಿ ಉಜ್ಜಿ, ತೊಳೆದು, ಗ್ರೀಸ್ ಒರೆಸಿ, ಎರಡು ಕೋಟ್ ಹೊಸ ಕ್ಲಿಯರ್ ಹೊಡೆಯಿರಿ. ಮಟ್ಟವಾದ ತಳದ ಮೇಲೆ ಬಿದ್ದ ಕ್ಲಿಯರ್ ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿ ಹರಡುತ್ತದೆ. ಎಷ್ಟೋ ಸಲ ಆಮೇಲೆ ಉಜ್ಜುವ ಕೆಲಸವೇ ಇರುವುದಿಲ್ಲ. ಹಳೆಯ 1ಕೆ ಮೇಲೆ 2ಕೆ ಹೊಡೆಯುವ ಮುಂಚೆ ಮೂಲೆಯಲ್ಲಿ ಪ್ರಯೋಗ ಮಾಡಿ, ಕೆಳಗಿನದು ಸುಕ್ಕುಗಟ್ಟಬಹುದು.

ಆದರೆ ಬಣ್ಣಕ್ಕೇ ತೂತು ಬಿದ್ದಿದ್ದರೆ ಬರೀ ಕ್ಲಿಯರ್ ಸಾಲದು. ಮೆಟಾಲಿಕ್ ಬಣ್ಣದಲ್ಲಿ ಪೇಪರ್ ತಗುಲಿದ ಲೋಹದ ಪುಡಿಗಳು ಬೇರೆಯೇ ಬೆಳಕು ಕೊಡುತ್ತವೆ. ಮೇಲೆ ಎಷ್ಟು ಕ್ಲಿಯರ್ ಸುರಿದರೂ ಆ ಕಲೆ ಒಳಗಿನಿಂದ ಕಾಣುತ್ತದೆ. ಅಲ್ಲಿ ಮೊದಲು ಬಣ್ಣ, ಆಮೇಲೆ ಕ್ಲಿಯರ್.

ಹಾಗಾದರೆ ನೀವು?

ಒಂದೇ ಪ್ಯಾನಲ್ ಹೊಡೆದಿದ್ದೀರಿ, ಸಿಪ್ಪೆ ಪಕ್ಕದ್ದಕ್ಕೆ ಹತ್ತಿರ ಇದೆ ಅಂದರೆ ಕಣ ತೆಗೆದು ಪಾಲಿಶ್ ಮಾಡಿ. ಸ್ಪ್ರೇ ಕ್ಯಾನಿನ 1ಕೆ ಆದರೆ ಪೇಪರಿಗಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ. ಇಡೀ ಕಾರು, ಮೂರು ಕೋಟ್ 2ಕೆ, ಎರಡು ರಜಾದಿನ ಕೈಯಲ್ಲಿವೆ ಅಂದರೆ ಬ್ಲಾಕ್ ಹಿಡಿದು ಪಿ1500ರಿಂದ ಶುರು ಮಾಡಿ. ಬಾನೆಟ್, ಛಾವಣಿ, ಬೂಟ್ ಮಾತ್ರ ಸಾಕು. ಬಾಗಿಲಿನ ಕೆಳಭಾಗದ ಸಿಪ್ಪೆಯನ್ನು ಬಗ್ಗಿ ನೋಡುವವರು ನೀವೊಬ್ಬರೇ. ಎಷ್ಟು ಕೋಟ್ ಇದೆ ಅಂತಲೇ ಗೊತ್ತಿಲ್ಲದ ಕಾರಾದರೆ ಪಾಲಿಶ್ ಮೀರಬೇಡಿ.

ಯಾವ ದಾರಿ ಹಿಡಿದರೂ ಮೇಣ ಹಚ್ಚುವ ಆಸೆಯನ್ನು ಸ್ವಲ್ಪ ದಿನ ತಡೆದುಕೊಳ್ಳಿ. ಹೊಸ ಬಣ್ಣಕ್ಕೆ ವ್ಯಾಕ್ಸ್, ಸೀಲೆಂಟ್ ಹಚ್ಚಲು ಸಾಮಾನ್ಯವಾಗಿ 30ರಿಂದ 90 ದಿನ ಕಾಯಿರಿ ಅನ್ನುತ್ತಾರೆ. ಒಳಗಿನ ದ್ರಾವಕಕ್ಕೆ ಹೊರಬರಲು ದಾರಿ ಬೇಕು. ಅಲ್ಲಿಯವರೆಗೆ ಸಿಲಿಕೋನ್ ಇಲ್ಲದ ಪಾಲಿಶ್ ಬಳಸಿ. ಇಲ್ಲದಿದ್ದರೆ ಮುಂದೆ ಏನಾದರೂ ತಿದ್ದಲು ಬಣ್ಣ ಹೊಡೆದಾಗ ಮೀನುಗಣ್ಣಿನ ಹಾಗೆ ಗುಂಡಗೆ ಬಿರಿಯುತ್ತದೆ. ಹಕ್ಕಿ ಹಿಕ್ಕೆ ಬಿದ್ದರೆ ಅದೇ ದಿನ ಧಾರಾಳ ನೀರು ಹಾಕಿ ತೊಳೆಯಿರಿ, ಒಣ ಬಟ್ಟೆಯಲ್ಲಿ ಒರೆಸಬೇಡಿ. ಬಾಗಿಲಿನ ಸಂದಿಯಲ್ಲಿ ಕಂಪೌಂಡ್ ಒಣಗಿ ಬಿಳಿ ಗೆರೆ ಕೂತಿರುತ್ತದೆ. ಅದಕ್ಕೆ ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಶ್ ಸಾಕು.